ಜಮುನಾಬಾಯಿಯ ಸೋಮವಾರಗಳು

ಹಳಿಯಾಳದ ಹೊರಗಿನ ನೂಲಿನ ಗಿರಣಿಗೆ ಸೇರಿದಾಗ ಜಮುನಾಬಾಯಿಗೆ ಮೂವತ್ತೆಂಟು ವರ್ಷ. ಅಷ್ಟರೊಳಗೆ ಅವಳು ಮಾಡದ ಕೂಲಿ ಉಳಿದಿರಲಿಲ್ಲ. ಭತ್ತ ನಾಟಿ ಮಾಡಿದ್ದಳು, ಕಬ್ಬು ಕಡಿದಿದ್ದಳು, ರಸ್ತೆ ಕೆಲಸಕ್ಕೆ ಖಡಿ ಹೊತ್ತಿದ್ದಳು. ಹುಟ್ಟಿದ್ದು ಮುಂಡಗೋಡ ತಾಲೂಕಿನ ಪಾಳಾ ಕಡೆಯ ಒಂದು ಲಂಬಾಣಿ ತಾಂಡಾದಲ್ಲಿ. ಅಲ್ಲಿ ಎಂಟನೆಯ ವಯಸ್ಸಿಗೇ ತಾಯಿಯ ಹಿಂದೆ ಹತ್ತಿ ಬಿಡಿಸಲು ಹೋಗುತ್ತಿದ್ದಳು. ಮದುವೆಯಾಗಿ ಬಂದದ್ದು ಹಳಿಯಾಳ ಕಡೆಯ ಇನ್ನೊಂದು ತಾಂಡಾಕ್ಕೆ. ಗಂಡ ಲಾಲು ದಾಂಡೇಲಿಯಲ್ಲಿ ಕಟ್ಟಿಗೆ ಡಿಪೋದ ಕೆಲಸದವನು, ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುವವನು. ಮಗಳು ರೀನಾ ಆಗ ಇನ್ನೂ ಕನ್ನಡ ಶಾಲೆಯಲ್ಲಿದ್ದಳು.

ಗಿರಣಿಯ ಕೆಲಸವೆಂದರೆ ನೆರಳಿನ ಕೆಲಸ. ಮಳೆ ಬಂದರೂ ಕೆಲಸ ಇರುತ್ತದೆ, ಬಿಸಿಲಾದರೂ ಇರುತ್ತದೆ. ಕೆಲಸ ಸಿಕ್ಕ ದಿನ ಜಮುನಾಬಾಯಿ ತಾಂಡಾದ ಸೇವಾಲಾಲರ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದಿದ್ದಳು. ಓಣಿಯ ಹೆಂಗಸರು ಅವಳ ದೈವ ಚಲೋ ಇದೆ ಎಂದರು. ಅವಳಿಗೂ ಹಾಗೇ ಅನಿಸಿತ್ತು.

ಅವಳನ್ನು ಹಾಕಿದ್ದು ಬ್ಲೋ ರೂಮಿಗೆ. ಹತ್ತಿಯ ಬೇಲುಗಳು ಗಿರಣಿಯೊಳಗೆ ಮೊದಲು ಬಂದು ಬೀಳುವ ಜಾಗ ಅದು. ಬೇಲಿನ ಪಟ್ಟಿ ಕತ್ತರಿಸಬೇಕು, ಬಿಗಿಯಾಗಿ ಒತ್ತಿದ ಅರಳೆಯನ್ನು ಪದರು ಪದರಾಗಿ ಕಿತ್ತು ಮಷಿನ್ನಿನ ಬಾಯಿಗೆ ಕೊಡಬೇಕು. ಒಳಗೆ ಹಲ್ಲುಗಳಿರುವ ಉರುಳೆಗಳು ಅದನ್ನು ಬಡಿದು ಬಿಡಿಸುತ್ತವೆ. ಎಲೆಚೂರು, ಕಡ್ಡಿ, ಬೀಜದ ಸಿಪ್ಪೆ, ಮಣ್ಣು ಕೆಳಗೆ ಉದುರುತ್ತವೆ. ಉದುರದೆ ಉಳಿದದ್ದು ಗಾಳಿಯಲ್ಲಿ ತೇಲುತ್ತದೆ. ಪಾಳಿ ಮುಗಿಸಿ ಹೊರಗೆ ಬಂದವರ ಹುಬ್ಬು, ರೆಪ್ಪೆ, ತಲೆಗೂದಲೆಲ್ಲ ಬಿಳಿ. ಹೊಸದರಲ್ಲಿ ಜಮುನಾಬಾಯಿ ಅದನ್ನು ನೋಡಿ ನಗುತ್ತಿದ್ದಳು.

ಕೆಲಸ ಕಲಿಸಿದವಳು ಈರಕ್ಕ. ಹಳಿಯಾಳದ ಹತ್ತಿರದ ಹಳ್ಳಿಯ ಒಕ್ಕಲು ಮನೆತನದವಳು, ಗಂಡ ತೀರಿದ ಮೇಲೆ ಗಿರಣಿಗೆ ಬಂದವಳು. ಜಮುನಾಬಾಯಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಬ್ಲೋ ರೂಮಿನಲ್ಲಿ ಅವಳಷ್ಟು ವರ್ಷ ನಿಂತವರು ಇನ್ನೊಬ್ಬರಿರಲಿಲ್ಲ. ಮೊದಲ ದಿನ ಅವಳು ಹೇಳಿಕೊಟ್ಟದ್ದು ಎರಡೇ: ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೋ, ಓಡುವ ಮಷಿನ್ನಿನ ಹತ್ತಿರ ಕೈ ಒಯ್ಯಬೇಡ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ತನ್ನ ಜೋಳದ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟಳು. ತಾಂಡಾದವಳ ಜೊತೆ ಕೂತು ಉಣ್ಣುತ್ತೀಯಾ ಎಂದು ಯಾರೋ ಕೇಳಿದರೂ ಈರಕ್ಕ ರೊಟ್ಟಿ ಮುರಿದು ಉಣ್ಣುತ್ತಲೇ ಇದ್ದಳು. ಮರುದಿನ ಮತ್ತೆ ಅಲ್ಲೇ ಬಂದು ಕೂತಳು.

ಮೂರನೆಯ ವರ್ಷದಲ್ಲಿ ಎದೆ ಬಿಗಿಯತೊಡಗಿತು. ಬೆಳಿಗ್ಗೆ ಚೆನ್ನಾಗಿಯೇ ಇರುತ್ತಿದ್ದ ಜಮುನಾಬಾಯಿಗೆ ಊಟದ ಹೊತ್ತು ದಾಟಿದ ಮೇಲೆ ಯಾರೋ ಎದೆಗೆ ಹಗ್ಗ ಸುತ್ತಿ ಜಗ್ಗಿದ ಹಾಗಾಗುತ್ತಿತ್ತು. ಒಣ ಕೆಮ್ಮು. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಮನೆಗೆ ಹೋಗುವ ದಾರಿಯ ಸಣ್ಣ ಏರಿನಲ್ಲಿ ಎರಡು ಸಲ ನಿಲ್ಲಬೇಕಾಗುತ್ತಿತ್ತು. ಎರಡು ಮೂರು ದಿನ ಕಳೆದರೆ ತಾನಾಗಿಯೇ ಇಳಿಯುತ್ತಿತ್ತು. ಇಳಿದ ಮೇಲೆ ಅವಳು ಮರೆತುಬಿಡುತ್ತಿದ್ದಳು.

ಲಾಲು ದೃಷ್ಟಿ ತೆಗೆಸಿದ. ಪೇಟೆಯ ಒಂದು ದವಾಖಾನೆಯಲ್ಲಿ ಕೆಮ್ಮಿನ ಔಷಧಿ ಬರೆದುಕೊಟ್ಟರು. ಇನ್ನೊಂದು ಕಡೆ ಕಫ ಪರೀಕ್ಷೆ ಮಾಡಿ ಕ್ಷಯ ಅಲ್ಲ ಎಂದರು. ಕ್ಷಯ ಅಲ್ಲ ಎಂದದ್ದೇ ಅವಳಿಗೆ ದೊಡ್ಡ ಸಮಾಧಾನ. ಉಳಿದದ್ದು ತನ್ನ ಮೈಗಳ್ಳತನವೇ ಇರಬೇಕು, ನೆರಳಿನ ಕೆಲಸ ರೂಢಿಯಾದ ಮೈ ಈಗ ದುಡಿಮೆಗೆ ಬಗ್ಗುತ್ತಿಲ್ಲ ಎಂದುಕೊಂಡಳು. ಗಿರಣಿಯಲ್ಲಿ ಯಾರ ಹತ್ತಿರವೂ ಹೇಳಲಿಲ್ಲ. ಹೇಳಿದರೆ ಕೆಲಸ ಬಿಡಿಸುತ್ತಾರೆ ಎನ್ನುವ ಹೆದರಿಕೆ ಬೇರೆ.

ಹೀಗೆ ಎರಡು ವರ್ಷ ಹೋಯಿತು. ಒಂದು ದಿನ ಬೇಲು ಬಿಚ್ಚುತ್ತಿದ್ದವಳು ಅಲ್ಲೇ ಕುಸಿದು ಕೂತಳು. ಈರಕ್ಕ ಅವಳ ಕೈ ಹಿಡಿದು ಹಿಂದಿನ ಬಾಗಿಲಿಂದ ಹೊರಗೆ ಬೇವಿನ ಗಿಡದ ಕೆಳಗೆ ಕರೆತಂದು ಕೂರಿಸಿದಳು. ನೀರು ಕುಡಿಸಿ, ಅವಳ ಉಸಿರು ಹತೋಟಿಗೆ ಬರುವ ತನಕ ಬೆನ್ನು ಸವರಿದಳು. ಆಮೇಲೆ ಕೇಳಿದಳು.

"ಈ ಎದಿ ಬಿಗಿಯೂದು ನಿನಗ ಯಾವ ವಾರ ಹೆಚ್ಚು ಆಗತೈತಿ? ಖರೇ ಹೇಳು."

ಜಮುನಾಬಾಯಿ ಆ ತನಕ ಅದನ್ನು ಯೋಚಿಸಿಯೇ ಇರಲಿಲ್ಲ. ಲಾಲು ಬಸ್ಸು ಹತ್ತಿ ಹೋದ ದಿನವೇ ಸಂಜೆ ಏರು ಹತ್ತಲು ಆಗುತ್ತಿರಲಿಲ್ಲ ಎಂಬುದು ಆಗ ನೆನಪಿಗೆ ಬಂತು. ಇವತ್ತೂ ಅದೇ ವಾರ.

"ಸೋಮವಾರ, ಅಕ್ಕಾ," ಎಂದಳು. "ಮಂಗಳವಾರ ಸ್ವಲ್ಪ ಕಡಿಮಿ. ಬುಧವಾರಕ್ಕ ಆರಾಮ."

ಈರಕ್ಕ ತಲೆಯಾಡಿಸಿದಳು. "ನನಗೂ ಮೊದಲ ಹಿಂಗ ಇತ್ತು. ಸೋಮವಾರ ಅಷ್ಟ. ಆಮ್ಯಾಲ ಮಂಗಳವಾರಾನೂ ಬಂತು, ಆಮ್ಯಾಲ ವಾರ ಪೂರ್ತಿ. ಈಗ ರವಿವಾರ ಮನ್ಯಾಗ ಕುಂತ್ರೂ ಬಿಡೂದಿಲ್ಲ. ಆವಾಗ ನನಗ ಯಾರೂ ಹೇಳಲಿಲ್ಲ. ನಿನಗ ನಾ ಹೇಳಾಕತ್ತೇನಿ. ನಾಳೆ ದಾಂಡೇಲಿ ದವಾಖಾನಿಗೆ ಹೋಗೂಣು."

ಒಂದು ದಿನದ ಹಾಜರಿ ಹೋಗುತ್ತದೆ ಎಂದು ಜಮುನಾಬಾಯಿ ಹಿಂದೇಟು ಹಾಕಿದಳು. ಈರಕ್ಕ ಕೇಳಲಿಲ್ಲ. ಮರುದಿನ ಬೆಳಿಗ್ಗೆ ತಾನೇ ತಾಂಡಾದ ತನಕ ನಡೆದು ಬಂದು ಬಾಗಿಲಲ್ಲಿ ನಿಂತಳು. ಆ ಏರಿನಲ್ಲಿ ಅವಳು ಎಷ್ಟು ಸಲ ನಿಂತು ಬಂದಿರಬೇಕು ಎಂದು ಜಮುನಾಬಾಯಿ ಲೆಕ್ಕ ಹಾಕಿದ್ದು ಎಷ್ಟೋ ದಿನಗಳ ನಂತರ.

ದಾಂಡೇಲಿಯ ಆಸ್ಪತ್ರೆಯಲ್ಲಿ ಗಿರಣಿ ಕೆಲಸಗಾರರ ಕಾರ್ಡು ತೋರಿಸಿ ಸಾಲಿನಲ್ಲಿ ಕೂತರು. ನೋಡಿದವರು ಮಧುಮತಿ ಎಂಬ ಡಾಕ್ಟರು, ನಡುಹರೆಯದವರು, ಧಾರವಾಡ ಕಡೆಯವರು. ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿಕೊಂಡು, ಎಷ್ಟು ವರ್ಷದಿಂದ ಗಿರಣಿಯಲ್ಲಿದ್ದೀರಿ, ಯಾವ ವಿಭಾಗದಲ್ಲಿ, ರಜೆಯಿದ್ದಾಗ ಹೇಗಿರುತ್ತದೆ ಎಂದೆಲ್ಲ ಸಮಾಧಾನದಿಂದ ಕೇಳಿದರು. ಸೋಮವಾರದ ಮಾತು ಬಂದಾಗ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಆಲಿಸಿದರು. ಆಮೇಲೆ ಜಮುನಾಬಾಯಿಯ ಜಡೆಯಲ್ಲಿ ಸಿಕ್ಕಿಕೊಂಡಿದ್ದ ಕಂದು ಬಣ್ಣದ ಒಂದು ಚೂರನ್ನು ಬೆರಳಿಂದ ತೆಗೆದು ಅಂಗೈ ಮೇಲಿಟ್ಟು ತೋರಿಸಿದರು.

"ಇದೇನ್ರಿ, ಗುರುತು ಹಿಡೀರಿ ನೋಡೂಣು."

ಜಮುನಾಬಾಯಿಗೆ ಅದನ್ನು ಗುರುತು ಹಿಡಿಯಲು ಕಣ್ಣು ಕಿರಿದು ಮಾಡುವುದೂ ಬೇಕಾಗಲಿಲ್ಲ. "ಹತ್ತಿಕಾಯಿ ಬುಡದಾಗ ಇರತೈತಲ್ರಿ, ಆ ಎಲಿ," ಎಂದಳು. "ಒಣಗಿದ ಮ್ಯಾಲ ಮುಟ್ಟಿದ್ರ ಸಾಕು, ಪುಡಿ ಆಗತೈತಿ. ಅದಕ್ಕ ನಮ್ಮವ್ವ ಬಿಸಿಲು ಏರೂದ್ರಾಗ ಹತ್ತಿ ಬಿಡಸ್ರಿ ಅಂತಿದ್ದಳು. ಮಂಜಿನಾಗ ಎಲಿ ಮೆತ್ತಗಿರತೈತಿ, ಹತ್ತಿಗೆ ಹತ್ತಂಗಿಲ್ಲ."

ಡಾಕ್ಟರು ಅವಳನ್ನೇ ನೋಡಿದರು. ತಾನು ಇದನ್ನು ಪುಸ್ತಕದಲ್ಲಿ ಓದಿ ಕಲಿತದ್ದು, ನೀವು ಹೊಲದಲ್ಲೇ ಕಲಿತಿದ್ದೀರಿ ಎಂದರು. ನಿಮ್ಮ ಎದೆಯನ್ನು ಹಿಡಿಯುತ್ತಿರುವುದು ಹತ್ತಿಯ ಎಳೆಯಲ್ಲ, ಈ ಎಲೆಯ ಪುಡಿ ಎಂದು ಬಿಡಿಸಿ ಹೇಳಿದರು. ಮಷಿನ್ನು ಬಡಿದಾಗ ಅದು ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ. ಹುಬ್ಬಿನ ಮೇಲೆ ಬೆಳ್ಳಗೆ ಕೂರುವ ಧೂಳಿಗಿಂತ ಆ ಕಾಣದ ಧೂಳೇ ಕೆಟ್ಟದ್ದು, ಒಳಗಿನ ಸಣ್ಣ ಸಣ್ಣ ನಾಳಗಳ ತನಕ ಇಳಿಯುತ್ತದೆ. ಒಣಗಿದ ಆ ಎಲೆಯ ಮೇಲೆ ಕಣ್ಣಿಗೆ ಕಾಣದ ಕ್ರಿಮಿಗಳೂ ಇರುತ್ತವೆ, ಅವು ಸತ್ತರೂ ಅವುಗಳ ವಿಷ ಧೂಳಿನಲ್ಲಿ ಉಳಿಯುತ್ತದೆ. ಅದು ತಾಗಿದಾಗ ಶ್ವಾಸನಾಳ ಉಬ್ಬಿ, ಕಿರಿದಾಗಿ, ಬಿಗಿಯುತ್ತದೆ. ವಾರಪೂರ್ತಿ ಧೂಳು ಕುಡಿದ ಮೈ ಅದಕ್ಕೆ ಒಂದಿಷ್ಟು ಹೊಂದಿಕೊಳ್ಳುತ್ತದೆ. ಒಂದು ದಿನ ರಜೆ ಸಿಕ್ಕರೆ ಆ ಹೊಂದಿಕೆ ಹೋಗಿಬಿಡುತ್ತದೆ, ಸೋಮವಾರ ಮತ್ತೆ ಹೊಸದಾಗಿ ತಾಗುತ್ತದೆ. ಅದು ಹಾಗೇಕೆ ಎಂಬುದು ಪೂರ್ತಿ ಯಾರಿಗೂ ಗೊತ್ತಿಲ್ಲ, ಆದರೆ ಹಾಗಾಗುವುದಂತೂ ಖರೆ ಎಂದರು. ಸೆರಗು ಮೂಗಿಗೆ ಕಟ್ಟಿಕೊಂಡರೆ ಅದು ನಿಲ್ಲುವುದಿಲ್ಲ ಎಂದೂ ಹೇಳಿದರು.

ಜಮುನಾಬಾಯಿ ಕೇಳಿದ್ದು ಒಂದೇ. "ಹಂಗಾರ ಇದು ನನ್ನ ಮೈಗಳ್ಳತನ ಅಲ್ಲರಿ?"

"ಅಲ್ಲ," ಎಂದರು ಡಾಕ್ಟರು.

ಆ ಒಂದು ಮಾತಿಗೆ ಅವಳ ಕಣ್ಣು ತುಂಬಿದವು. ಎರಡು ವರ್ಷ ತನ್ನನ್ನು ತಾನೇ ಬೈದುಕೊಂಡದ್ದೆಲ್ಲ ಆ ಬೆಂಚಿನ ಮೇಲೆ ಇಳಿದುಹೋಯಿತು.

ಹೊರಡುವಾಗ ಡಾಕ್ಟರು ಪ್ಲಾಸ್ಟಿಕ್ಕಿನ ಒಂದು ಸಣ್ಣ ಕೊಳವೆ ಕೊಟ್ಟರು. ದೀರ್ಘವಾಗಿ ಉಸಿರೆಳೆದು ಒಮ್ಮೆಲೇ ಜೋರಾಗಿ ಊದಿದರೆ ಅದರೊಳಗಿನ ಮುಳ್ಳು ಅಂಕಿಯ ಮೇಲೆ ಸರಿದು ನಿಲ್ಲುತ್ತದೆ. ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ, ರಜೆಯ ದಿನವೂ ಬಿಡದೆ, ಎರಡು ವಾರ ಊದಿ ಅಂಕಿ ಬರೆಸಿ ತರಬೇಕು. ಬಾಯಿಗಿಡುವ ತುದಿಗಳನ್ನು ಇಬ್ಬರಿಗೂ ಬೇರೆ ಬೇರೆ, ಒಂದೆರಡು ಹೆಚ್ಚಿಗೇ ಕೊಟ್ಟರು, ಈರಕ್ಕನೂ ಊದಲಿ ಎಂದರು.

ಬರೆಯುವ ಕೆಲಸ ರೀನಾಳದು. ಅವಳು ಆಗ ಹಳಿಯಾಳದ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದಳು. ಬೆಳಿಗ್ಗೆ ಬಸ್ಸಿಗೆ ಹೋಗುವ ಗಡಿಬಿಡಿಯಲ್ಲೂ ಕೊಳವೆಯನ್ನು ತಾಯಿಯ ಕೈಗೆ ಕೊಟ್ಟು, ಯಾಡಿ ಎಂದು ತಾಂಡಾದ ಮಾತಿನಲ್ಲಿ ಅವ್ವನನ್ನು ಕರೆದು, ಸರಿಯಾಗಿ ಊದು, ಮೂರು ಸಲ ಊದು, ಎಂದು ನಿಂತು ಊದಿಸಿ ಹೆಚ್ಚಿನ ಅಂಕಿಯನ್ನು ಬರೆದುಕೊಳ್ಳುತ್ತಿದ್ದಳು. ಈರಕ್ಕನೂ ಬೆಳಿಗ್ಗೆ ಪಾಳಿಗೆ ಮುಂಚೆ, ಸಂಜೆ ಪಾಳಿ ಬಿಟ್ಟ ಮೇಲೆ ತಾಂಡಾದ ದಾರಿಯಲ್ಲಿ ತಾಯಿ ಮಗಳಿಗೆ ಸಿಕ್ಕಿ ಊದುತ್ತಿದ್ದಳು. ರವಿವಾರ ಮನೆಗೇ ಬರುತ್ತಿದ್ದಳು, ಚಹಾ ಕುಡಿದು ಊದಿ ಹೋಗುತ್ತಿದ್ದಳು.

ಎರಡು ವಾರ ತುಂಬಿದ ರವಿವಾರ ರೀನಾ ಅಂಕಿಗಳನ್ನೆಲ್ಲ ಗೆರೆ ಎಳೆದು ಚಿತ್ರ ಮಾಡಿದಳು. ತಾಯಿಯ ಗೆರೆ ರವಿವಾರ ಮುನ್ನೂರ ಅರವತ್ತರ ಹತ್ತಿರ ಇದ್ದದ್ದು ಸೋಮವಾರ ಸಂಜೆಗೆ ಇನ್ನೂರ ಎಪ್ಪತ್ತಕ್ಕೆ ಬಿದ್ದಿತ್ತು, ವಾರ ಕಳೆದಂತೆ ಮೇಲೇರಿತ್ತು, ಮುಂದಿನ ಸೋಮವಾರ ಮತ್ತೆ ಬಿದ್ದಿತ್ತು. ಈರಕ್ಕನ ಗೆರೆ ಮಾತ್ರ ಮಲಗಿತ್ತು. ನೂರ ಎಂಬತ್ತರ ಆಚೀಚೆ, ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ, ರವಿವಾರವೂ ಅಷ್ಟೇ.

ರೀನಾ ಹಾಳೆಯನ್ನು ಈರಕ್ಕನ ಮುಂದೆ ಇಟ್ಟಳು. ಓದಲು ಬಾರದ ಈರಕ್ಕ ಎರಡೂ ಗೆರೆಗಳ ಮೇಲೆ ನಿಧಾನವಾಗಿ ಬೆರಳಾಡಿಸಿದಳು.

"ನಿನ್ನದು ಇನ್ನೂ ಏರತೈತಿ," ಎಂದಳು ಜಮುನಾಬಾಯಿಗೆ. "ನನ್ನದು ಏರೂದು ಬಿಟ್ಟೈತಿ. ನೀ ಇನ್ನ ಆ ರೂಮಿನ್ಯಾಗ ನಿಂದ್ರಬ್ಯಾಡ."

ಹಾಳೆ ನೋಡಿದ ಮೇಲೆ ಡಾಕ್ಟರು ಹೇಳಿದ್ದೂ ಅದನ್ನೇ. ಈರಕ್ಕನ ಎದೆ ಹಿಂದಿನಂತೆ ಆಗುವುದು ಕಷ್ಟ, ಔಷಧಿ ಎಳೆದುಕೊಳ್ಳುವ ಪಂಪು ಕೊಡುತ್ತೇನೆ, ಇದ್ದದ್ದನ್ನು ಉಳಿಸಿಕೊಳ್ಳಬಹುದು ಎಂದರು. ಜಮುನಾಬಾಯಿ ಈಗಲೇ ಧೂಳಿನಿಂದ ದೂರವಾದರೆ ಪೂರ್ತಿ ಸುಧಾರಿಸುವ ಸಾಧ್ಯತೆ ಹೆಚ್ಚು ಎಂದರು. ಗಿರಣಿಗೆ ಒಂದು ಪತ್ರ ಬರೆದು, ಚಿತ್ರದ ಹಾಳೆಯನ್ನು ಅದರ ಜೊತೆ ಲಗತ್ತಿಸಿದರು.

ಪತ್ರ ಮೂರು ದಿನ ಜಮುನಾಬಾಯಿಯ ಬುತ್ತಿಚೀಲದಲ್ಲೇ ಇತ್ತು. ಕೊಟ್ಟರೆ ಏನಾಗುತ್ತದೋ ಎಂದು ಧೈರ್ಯ ಬರಲಿಲ್ಲ. ಬ್ಲೋ ರೂಮಿನ ಉಸ್ತುವಾರಿ ಶೇಖಪ್ಪನದು. ಕೂಲಿಯಾಗಿ ಸೇರಿ ಮೇಲೆ ಬಂದ ಮನುಷ್ಯ, ಮಾತು ಒರಟು, ಹತ್ತಿಯನ್ನು ಕಾಲಿಂದ ತುಳಿದವರನ್ನು ಬಯ್ಯದೆ ಬಿಡುತ್ತಿರಲಿಲ್ಲ. ಅನ್ನ ಕೊಡುವ ಹತ್ತಿಯಿಂದ ಜಡ್ಡು ಬರುತ್ತದೆ ಎಂದರೆ ಅವನು ಸಹಿಸುತ್ತಾನೆಯೇ? ನಾಲ್ಕನೆಯ ದಿನ ಊಟದ ಹೊತ್ತಿಗೆ ಈರಕ್ಕ ಅವಳ ಚೀಲದಿಂದ ಪತ್ರ ತೆಗೆದುಕೊಂಡು ನೇರವಾಗಿ ಶೇಖಪ್ಪನ ಮುಂದೆ ಹೋಗಿ ಇಟ್ಟಳು. ಜಮುನಾಬಾಯಿಯೂ ಹಿಂದೆಯೇ ಹೋದಳು.

ಶೇಖಪ್ಪ ಪತ್ರ ಓದಿದ. ಗೆರೆಯ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಇಲ್ಲಿ ಎಲ್ಲರೂ ಧೂಳು ಕುಡಿದೇ ದೊಡ್ಡವರಾಗಿದ್ದಾರೆ, ತಾನೂ ಇಪ್ಪತ್ತು ವರ್ಷ ಕುಡಿದಿದ್ದೇನೆ, ತನಗೇನಾಗಿದೆ ಎಂದ. ಹೇಳುತ್ತ ಹೇಳುತ್ತ ಕೆಮ್ಮು ಬಂತು. ಬೀಡಿ ಕೆಮ್ಮು ಎಂದ.

"ಹೌದೋ ಅಲ್ಲೋ, ಊದಿ ನೋಡ್ರಿ ಅಣ್ಣಾರ," ಎಂದಳು ಈರಕ್ಕ.

ಜಮುನಾಬಾಯಿ ಬುತ್ತಿಚೀಲದಿಂದ ಕೊಳವೆ ತೆಗೆದು, ಅದರ ತುದಿ ಬಿಚ್ಚಿ, ಡಾಕ್ಟರು ಕೊಟ್ಟಿದ್ದರಲ್ಲಿ ಹೊಸದೊಂದು ತುದಿ ಹಾಕಿ ಅವನ ಮುಂದೆ ಹಿಡಿದಳು. ಅವನು ಕೊಳವೆಯನ್ನೂ ಅವರಿಬ್ಬರನ್ನೂ ನೋಡಿದ. ಆಮೇಲೆ ಎದ್ದು ನಿಂತು, ಎದೆ ತುಂಬ ಗಾಳಿ ಎಳೆದು ಊದಿದ. ಮುಳ್ಳು ಎಲ್ಲಿ ನಿಂತಿತೆಂದು ಅವನೇ ಓದಿದ. ಇನ್ನೊಮ್ಮೆ ಊದಿದ. ಮೂರನೆಯ ಸಲವೂ ಊದಿದ. ಅವನಂಥ ಎತ್ತರದ ಗಂಡಸಿಗೆ ಎಷ್ಟಿರಬೇಕೆಂದು ಪತ್ರದ ಹಿಂದಿನ ಪಟ್ಟಿಯಲ್ಲಿತ್ತು. ಅವನದು ಅದರ ಅರ್ಧಕ್ಕೂ ತಲುಪಿರಲಿಲ್ಲ.

ಅವನು ಕೂತುಕೊಂಡ. ಹಾಳೆಯನ್ನು ಮಡಚುತ್ತ, "ನನ್ನ ತಮ್ಮನೂ ಇದ ರೂಮಿನ್ಯಾಗ ಇದ್ದ," ಎಂದ. "ದಮ್ಮಿನಿಂದ ಹೋದ. ನಮ್ಮ ಮನೆತನದ ಜಡ್ಡು ಅಂತ ತಿಳಕೊಂಡಿದ್ವಿ."

ಆ ದಿನವೇ ಅವನು ಬ್ಲೋ ರೂಮಿನ ಧೂಳಿಗೆ ಏನಾದರೂ ಮಾಡಿರೆಂದು ಕೇಳಲು ಮಾಲೀಕರ ಹತ್ತಿರ ಹೋದ. ಒಂದೇ ಭೇಟಿಗೆ ಕೆಲಸ ಆಗಲಿಲ್ಲ. ನಾಲ್ಕು ತಿಂಗಳು ಹಿಡಿಯಿತು, ಅಷ್ಟರಲ್ಲಿ ಅವನು ಎಷ್ಟು ಸಲ ಹೋದನೆಂಬುದು ಜಮುನಾಬಾಯಿಗೂ ಪೂರ್ತಿ ತಿಳಿಯದು. ಆದರೆ ಮಾಲೀಕರನ್ನು ಕೇಳದೆಯೂ ಮಾಡಬಹುದಾದದ್ದನ್ನು ಅವನು ಮರುದಿನವೇ ಮಾಡಿದ. ಜಮುನಾಬಾಯಿಯನ್ನು ಬ್ಲೋ ರೂಮಿನಿಂದ ತೆಗೆದು, ನೂಲನ್ನು ರಟ್ಟಿನ ಕೋನಿಗೆ ಸುತ್ತುವ ವಿಭಾಗಕ್ಕೆ ಹಾಕಿದ. ಅಷ್ಟೊತ್ತಿಗೆ ನೂಲು ಹಲವು ಮಷಿನ್ನು ದಾಟಿ ಬಂದಿರುತ್ತದೆ, ಎಲೆಯ ಪುಡಿ ಹೆಚ್ಚೇನೂ ಉಳಿದಿರುವುದಿಲ್ಲ. ಈರಕ್ಕನನ್ನು ಆಫೀಸಿನ ಕಡೆ, ತಯಾರಾದ ಮಾಲಿಗೆ ಚೀಟಿ ಅಂಟಿಸುವ ಹಗುರ ಕೆಲಸಕ್ಕೆ ಕಳಿಸಿದ. ಗಾಳಿಯ ಪೈಪು ಹಿಡಿದು ಮಷಿನ್ನಿನ ಮೇಲಿನ ಧೂಳು ಹಾರಿಸುವುದನ್ನು ನಿಲ್ಲಿಸಿ, ಒದ್ದೆ ಬಟ್ಟೆಯಿಂದ ಒರೆಸಲು ಹಚ್ಚಿದ. ಬೀಡಿ ಬಿಟ್ಟ. ಬಿಟ್ಟದ್ದನ್ನು ಯಾರಿಗೂ ಹೇಳಲಿಲ್ಲ, ಅವನ ಜೇಬಿನಲ್ಲಿ ಕಟ್ಟು ಕಾಣದಿದ್ದಾಗ ಎಲ್ಲರಿಗೂ ತಾನಾಗಿ ತಿಳಿಯಿತು.

ನಾಲ್ಕು ತಿಂಗಳ ಮೇಲೆ ಬ್ಲೋ ರೂಮಿನ ಧೂಳನ್ನು ಹೊರಗೆ ಎಳೆಯುವ ದೊಡ್ಡ ಪೈಪುಗಳ ರಿಪೇರಿ ಆಯಿತು. ಎಷ್ಟೋ ವರ್ಷದಿಂದ ಗೋಣಿತಟ್ಟು ಸುತ್ತಿ ಕಟ್ಟಿದ್ದ ಕಡೆ ಹೊಸ ತಗಡು ಬಂತು. ಮೂಗಿಗೆ ಬಿಗಿಯಾಗಿ ಕೂರುವ ಮಾಸ್ಕುಗಳು ಬಂದವು. ಬ್ಲೋ ರೂಮಿಗೆ ಹೊಸದಾಗಿ ಬರುವವರು ಮೊದಲ ದಿನವೂ, ಆಮೇಲೆ ವರ್ಷಕ್ಕೊಮ್ಮೆಯೂ ಕೊಳವೆ ಊದಬೇಕೆಂದಾಯಿತು. ಎಲ್ಲವೂ ಆಗಿದೆ ಎಂದಲ್ಲ. ಬೇಸಿಗೆಯಲ್ಲಿ ಸೆಕೆಗೆ ಮಾಸ್ಕು ತೆಗೆದು ಕೊರಳಿಗೆ ಹಾಕಿಕೊಳ್ಳುವವರು ಈಗಲೂ ಇದ್ದಾರೆ. ಅವರಿಗೆ ಶೇಖಪ್ಪನ ಬೈಗುಳವೂ ಇದೆ.

ಜಮುನಾಬಾಯಿಯ ಎದೆ ಒಮ್ಮೆಲೇ ತೆರೆಯಲಿಲ್ಲ. ಮೊದಲ ತಿಂಗಳು ಸೋಮವಾರ ಬಂತೆಂದರೆ ಅವಳಿಗೆ ಹೆದರಿಕೆಯೇ. ಎರಡನೆಯ ತಿಂಗಳು ಒಂದು ಸಂಜೆ ನೀರಿನ ಕೊಡ ಹೊತ್ತು ಏರು ಹತ್ತಿ ಮನೆಯ ಕಟ್ಟೆಗೆ ಇಳಿಸಿದ ಮೇಲೆ, ನಡುವೆ ಎಲ್ಲಿಯೂ ನಿಂತಿರಲಿಲ್ಲ ಎಂಬುದು ಗಮನಕ್ಕೆ ಬಂತು. ಅದು ಸೋಮವಾರ ಎಂದು ರೀನಾ ನೆನಪಿಸಿದಳು. ಜಮುನಾಬಾಯಿ ಕೊಡದ ಪಕ್ಕದಲ್ಲೇ ಕೂತು, ಮೂಗಿನಿಂದ ಗಾಳಿ ಒಳಗೆ ಹೋಗಿ ಹೊರಗೆ ಬರುವುದನ್ನು ಸುಮ್ಮನೆ ನೋಡಿಕೊಂಡಳು. ಅಷ್ಟು ದಿನ ಬೇಡಿದ ದೇವರಲ್ಲಿ ಆ ಹೊತ್ತು ಬೇಡಲು ಅವಳಿಗೆ ಏನೂ ಉಳಿದಿರಲಿಲ್ಲ.

ಆ ವರ್ಷ ಹತ್ತಿ ಬಿಡಿಸುವ ದಿನಗಳಲ್ಲಿ ಅವಳು ರಜೆ ಹಾಕಿ ತವರಿಗೆ ಹೋದಳು. ತಮ್ಮನ ಹೆಂಡತಿ ತುಳಜಾ ಈಗ ಕೂಲಿ ಹೆಂಗಸರ ಗುಂಪು ಕಟ್ಟಿಕೊಂಡು ಹೊಲ ಹೊಲ ತಿರುಗುತ್ತಾಳೆ. ಬಿಸಿಲಿಗೆ ಮುಂಚೆ ಬಿಡಿಸಿ, ಎಲೆ ಹತ್ತದಂತೆ ಬೆರಳಿಂದ ಅರಳೆಯನ್ನಷ್ಟೇ ಎಳೆಯಿರಿ, ಒದ್ದೆಯಿದ್ದರೆ ಅರಿವೆಯ ಮೇಲೆ ಹರವಿ ಒಣಗಿಸಿ ತುಂಬಿರಿ ಎಂದು ಜಮುನಾಬಾಯಿ ಅವರ ಜೊತೆ ಸಾಲಿನಲ್ಲಿ ನಿಂತು ಬಿಡಿಸಿ ತೋರಿಸಿದಳು. ನಸುಕಿನಲ್ಲಿ ಏಳುವುದು ಯಾರಿಗೆ ಬೇಕು ಎಂದು ಕೆಲವರು ಮುಖ ಸಿಂಡರಿಸಿದರು. ಆಗ ಅವಳು ಬ್ಲೋ ರೂಮಿನ ಸುದ್ದಿ ಹೇಳಿದಳು. ನೀವಿಲ್ಲಿ ಹತ್ತಿಯ ಜೊತೆ ತುಂಬಿದ ಎಲೆಯನ್ನು ಅಲ್ಲೊಬ್ಬಳು ಹೆಂಗಸು ಎದೆಯೊಳಗೆ ಎಳೆದುಕೊಳ್ಳುತ್ತಾಳೆ ಎಂದಳು. ತುಳಜಾ ಮರುದಿನ ಎಲ್ಲರನ್ನೂ ಬೇಗ ಎಬ್ಬಿಸಿದಳು. ಪ್ರತಿ ಹೊಲದಲ್ಲೂ ಹಾಗೆ ನಡೆಯುತ್ತದೆಂದು ಜಮುನಾಬಾಯಿ ಹೇಳುವುದಿಲ್ಲ. ತುಳಜಾಳ ಗುಂಪಿನಲ್ಲಿ ನಡೆಯುತ್ತದೆ.

ಈಗ ಜಮುನಾಬಾಯಿಗೆ ನಲವತ್ತಾರು. ಈರಕ್ಕ ಗಿರಣಿ ಬಿಟ್ಟಿದ್ದಾಳೆ. ಹೆಚ್ಚು ನಡೆದರೆ ಏದುಸಿರು ಬರುತ್ತದೆ, ಪಂಪು ಸದಾ ಸೊಂಟದ ಸಂಚಿಯಲ್ಲಿ ಇರುತ್ತದೆ. ಆರು ತಿಂಗಳಿಗೊಮ್ಮೆ ಇಬ್ಬರೂ ದಾಂಡೇಲಿಗೆ ತಪಾಸಣೆಗೆ ಹೋಗುತ್ತಾರೆ, ಜೊತೆಗೆ ಕರೆದೊಯ್ಯುವ ಸರದಿ ಈಗ ಜಮುನಾಬಾಯಿಯದು. ಹೋದ ಸಲ ಡಾಕ್ಟರ ಹತ್ತಿರ ಬೇಗ ಮುಗಿಯಿತು. ಲಾಲು ಡಿಪೋದಿಂದ ಅರ್ಧ ದಿನ ಬಿಡುವು ಮಾಡಿಕೊಂಡು ಬಂದು, ಆಟೋ ಮಾಡಿ ಇಬ್ಬರನ್ನೂ ದಾಂಡೇಲಿಯ ಹತ್ತಿರದ ಮೌಳಂಗಿಗೆ ಕರೆದೊಯ್ದ. ಹೊಳೆಯ ದಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದರು.

ಅಲ್ಲಿ ಜಮುನಾಬಾಯಿ ಬಹಳ ದಿನದಿಂದ ಹೇಳಬೇಕೆಂದುಕೊಂಡದ್ದನ್ನು ಹೇಳಿದಳು. ನೀ ಅವತ್ತು ತಾಂಡಾದ ತನಕ ನಡೆದು ಬರದಿದ್ದರೆ ನಾನೂ ನಿನ್ನ ಹಾಗೇ ಆಗುತ್ತಿದ್ದೆ, ನಿನ್ನ ಉಪಕಾರ ಹೇಗೆ ತೀರಿಸಲಿ ಎಂದಳು. ಈರಕ್ಕ ಉಸಿರು ಕೂಡಿಸಿಕೊಂಡಳು.

"ನನ್ನ ಎದಿ ಹಾಳಾಗಿದ್ದಕ್ಕ ನನಗ ಭಾಳ ಸಿಟ್ಟಿತ್ತು, ಜಮುನಾ," ಎಂದಳು. "ಅದರಿಂದ ಒಬ್ಬಾಕಿ ಉಳಿದ್ಲು ಅಂತ ಆದ ಮ್ಯಾಲ ಸಿಟ್ಟು ಕಡಿಮಿ ಆತು. ನನಗೂ ನಿನ್ನ ಉಪಕಾರ ಐತಿ."

ಲಾಲು ಕಾಯಿಪಲ್ಲೆಯ ಡಬ್ಬಿಯನ್ನು ಈರಕ್ಕನ ಕಡೆ ಸರಿಸಿದ. ಊಟ ಮುಗಿಸಿ, ಈರಕ್ಕನ ನಡಿಗೆಯ ಅಳತೆಗೆ ತಾವೂ ನಿಧಾನವಾಗಿ ನಡೆಯುತ್ತ, ಮೂವರೂ ಆಟೋದ ಕಡೆ ಹೊರಟರು.